ಕೋಡಿಬಾಗದ ದಡದಿಂದ ಕಾರವಾರದ ಚರಿತ್ರೆ

ಮಾನ್ಯ ಅಧ್ಯಕ್ಷರೇ, ಕಾರವಾರದ ಬಂಧುಗಳೇ,

2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು, ಲಾರಿಯೊಂದು ನೀರುಪಾಲಾಗಿ, ಅದರ ಚಾಲಕನನ್ನು ಬದುಕಿಸಿ ತಂದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೇ ಜಿಲ್ಲೆಯ ಹೊರಗಿನ ಎಷ್ಟೋ ಜನ ಕೋಡಿಬಾಗದ ಹೆಸರು ಕೇಳಿರಬೇಕು. ಗೋವಾಕ್ಕೆ ಹೊರಟವರಿಗೆ ಅದು ಸೇತುವೆಯ ಈಚೆ ತುದಿ, ಅಷ್ಟೆ. ಈ ಬಡಾವಣೆಯ ಚರಿತ್ರೆಯನ್ನು ಹೆದ್ದಾರಿಯ ಮೇಲೆ ನಿಂತು ಬರೆಯಲಾಗದು, ನದಿಯ ದಡಕ್ಕಿಳಿದೇ ಬರೆಯಬೇಕು ಎಂಬುದು ನನ್ನ ವಾದ.

ಹಳೆಯ ಕಾರವಾರ ಇದ್ದದ್ದು ಒಳನಾಡಿನ ಕಡವಾಡದ ಬಳಿ. ಮೆಣಸಿಗಾಗಿ ಬಂದ ಇಂಗ್ಲಿಷರು 17ನೆಯ ಶತಮಾನದಲ್ಲಿ ಅಲ್ಲಿಗೆ ಹೋದದ್ದು ಕಾಳಿಯ ಅಳಿವೆಯನ್ನು ಹಾದೇ. ಇಂದಿನ ಪಟ್ಟಣ ಬೆಳೆದದ್ದು 1862ರಲ್ಲಿ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ. 1980ರ ದಶಕದಲ್ಲಿ ಸೇತುವೆ ಆಗುವವರೆಗೂ ಆಚೆ ದಡದ ಸದಾಶಿವಗಡಕ್ಕೆ ತಾರಿಯೇ, ಅಂದರೆ ದಾಟುವ ದೋಣಿಯೇ ಗತಿ. ತಾರಿ ಆಚೆ ದಡದಲ್ಲಿದ್ದರೆ ಸಾಹೇಬರೂ ಕಾಯಬೇಕು, ಮೀನಿನ ಬುಟ್ಟಿ ಹೊತ್ತವಳೂ ಕಾಯಬೇಕು. ಕೊಂಕಣಿ, ಕನ್ನಡ, ಮರಾಠಿಗಳನ್ನು ಒಂದೇ ವಾಕ್ಯದಲ್ಲಿ ಬೆರೆಸಿ ಆಡುವ ನಮ್ಮ ಮಾತು ಪಳಗಿದ್ದು ಇಂಥ ದಡಗಳಲ್ಲೇ ಎಂದು ನಾನು ನಂಬಿದ್ದೇನೆ.

ಇನ್ನು ನನ್ನ ಮೆಚ್ಚಿನ ಪ್ರಸಂಗ. ಹಿಂದೆ ಕೇಳಿದವರು ಸಹಿಸಿಕೊಳ್ಳಬೇಕು. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ತರುಣ ರವೀಂದ್ರನಾಥ ಟಾಗೋರರು, ಒಂದು ಬೆಳದಿಂಗಳ ರಾತ್ರಿ ಮನೆಯವರೊಡನೆ ಸಣ್ಣ ದೋಣಿಯಲ್ಲಿ ಹರಿವಿಗೆದುರಾಗಿ ಸಾಗಿ, ಹಳೆಯ ಗಿರಿದುರ್ಗವೊಂದರ ಬಳಿ ಇಳಿದು, ರೈತನೊಬ್ಬನ ಗುಡಿಸಿದ ಅಂಗಳದಲ್ಲಿ ಕುಳಿತು ಕೊಂಡೊಯ್ದ ಬುತ್ತಿಯನ್ನು ಉಂಡರು. ಮರಳುವಾಗ ದೋಣಿಯನ್ನು ಹರಿವಿಗೇ ಬಿಟ್ಟುಕೊಟ್ಟಿದ್ದರಿಂದ ಅಳಿವೆ ಮುಟ್ಟುವಷ್ಟರಲ್ಲಿ ಬಹಳ ಹೊತ್ತಾಯಿತು. ಕಡಲ ಮಾರ್ಗವನ್ನು ಕೈಬಿಟ್ಟು ಅಲ್ಲೇ ಇಳಿದು, ಮರಳಿನ ಮೇಲೆ ನಡೆದೇ ಮನೆ ಸೇರಿದರು. ದುರ್ಗ ಶಿವಾಜಿಯದೆಂದು ಅವರು ಬರೆದಿದ್ದಾರೆ. ಅದು ಸದಾಶಿವಗಡವೇ ಆಗಿದ್ದರೆ ಕಟ್ಟಿಸಿದವರು ಶಿರಸಿ ಬಳಿಯ ಸೋಂದೆಯ ಅರಸರು. ಶಿರಸಿಯ ಸ್ನೇಹಿತರು ನಗುತ್ತಿದ್ದಾರೆ, ಆದರೆ ಕವಿಯೊಡನೆ ನನಗೆ ತಕರಾರು ಬೇಡ. ನನಗೆ ಬೇಕಾದದ್ದು ಆ ಮರಳು. ಅಳಿವೆಯಲ್ಲಿ ಇಳಿದು ಕಾರವಾರಕ್ಕೆ ನಡೆಯಬೇಕಾದರೆ ದಕ್ಷಿಣದ ದಡದಲ್ಲಿ, ಅಂದರೆ ಕೋಡಿಬಾಗದಲ್ಲೇ ಇಳಿಯಬೇಕು. ಇನ್ನೊಂದು ದಡದಲ್ಲಿ ಇಳಿದಿದ್ದರೆ ಅವರೂ ತಾರಿಗೆ ಕಾಯಬೇಕಾಗುತ್ತಿತ್ತು. ಕಡಲತೀರಕ್ಕೆ ಅವರ ಹೆಸರಿಟ್ಟು ಮೆರೆಸುವ ನಾವು ಈ ದಡವನ್ನು ನೆನೆಯುವುದು ಕಡಿಮೆ. ಹೆದ್ದಾರಿಯಿಂದ ನೋಡಿದರೆ ಅದು ಕಾಣುವುದೂ ಇಲ್ಲ; ನನ್ನ ಹಳೆಯ ವಾದಕ್ಕೇ ಮತ್ತೆ ಬಂದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಕೋಡಿಬಾಗದಲ್ಲೇ ನೆಲೆಸಿದ್ದರ ಬಗ್ಗೆ, ಕಾಳಿಯ ಅಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬಗ್ಗೆ ವಿವರಿಸಬೇಕೆಂದಿದ್ದೆ. ಮೇಲ್ಗಡೆಯ ಸೂಪಾ, ಕದ್ರಾ ಅಣೆಕಟ್ಟುಗಳಿಗಂತೂ ಇನ್ನೊಂದು ಸಂಜೆಯೇ ಬೇಕು. ತಾರಿ ನಡೆಸಿದವರ ಮನೆಯ ಹಿರಿಯರು ಸಭೆಯಲ್ಲಿದ್ದರೆ ಪ್ರಶ್ನೋತ್ತರದಲ್ಲಿ ಮೊದಲ ಮಾತು ಅವರದಾಗಲಿ ಎಂದು ಅಧ್ಯಕ್ಷರಲ್ಲಿ ವಿನಂತಿಸಿ ಕುಳಿತುಕೊಳ್ಳುತ್ತೇನೆ.