ಗಾಡಿಯೊಳಗಿನ ಹಂಡೆ

ಕೇಳುಗರಿಗೆ ನಮಸ್ಕಾರ. ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿ ಕಿಟಕಿ ಗಾಜು ತೊಳೆಯುವುದು ನನ್ನ ಕಸುಬು. ಏಣಿ ಹತ್ತುವುದು ಈಗ ಅಪರೂಪ. ವ್ಯಾನಿನಲ್ಲಿ 400 ಲೀಟರಿನ ಟ್ಯಾಂಕು, ಬ್ಯಾಟರಿಯಲ್ಲಿ ಓಡುವ ಪುಟ್ಟ ಪಂಪು, ನೂರು ಮೀಟರ್ ಪೈಪು, ಉದ್ದನೆಯ ಕಾರ್ಬನ್ ಫೈಬರ್ ಕೋಲು, ಅದರ ತುದಿಯಲ್ಲಿ ಬ್ರಷ್ಷು. ನೆಲದ ಮೇಲೆ ನಿಂತೇ ಎರಡನೇ ಮಹಡಿ ತೊಳೆಯಬಹುದು. ಇಲ್ಲಿನ ನಲ್ಲಿ ನೀರಿನಲ್ಲಿ ಸುಣ್ಣ ಜಾಸ್ತಿ, ಒಣಗಿದರೆ ಬಿಳಿ ಕಲೆ. ಹಾಗಾಗಿ ಆರ್.ಓ. ಫಿಲ್ಟರು, ಉಳಿದ ಲವಣ ಹೀರುವ ರೆಸಿನ್ ಹರಳು ಎರಡನ್ನೂ ದಾಟಿಸಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರು ಸೊನ್ನೆ ತೋರಿಸಿದ ನೀರನ್ನೇ ತುಂಬುತ್ತೇವೆ. ಒರೆಸುವ ಗೊಡವೆಯಿಲ್ಲ.

ಗೋಳು ಶುರುವಾಗುವುದು ನವೆಂಬರಿನಲ್ಲಿ. ಕೋಲಿನ ಗುಂಟ ಇಳಿದ ನೀರು ತೋಳಿನೊಳಗೆ ಹರಿಯುತ್ತದೆ. ಪೈಪು ಸೆಟೆದುಕೊಂಡು ರೀಲಿಗೆ ಸುತ್ತಲು ಒಪ್ಪುವುದಿಲ್ಲ. ನಿಜ ಹೇಳಬೇಕೆಂದರೆ, ತಿಂಗಳು ತಿಂಗಳೂ ತೊಳೆಯುವ ಗಾಜಿಗೆ ತಣ್ಣೀರೇ ಸಾಕು. ಹಕ್ಕಿ ಹಿಕ್ಕೆ, ಅಡುಗೆಮನೆಯ ಜಿಡ್ಡು ಇದ್ದಲ್ಲಿ ಮಾತ್ರ ಬಿಸಿನೀರಿಗೆ ಕೆಲಸ. ಉಳಿದಂತೆ ಬಿಸಿನೀರು ಬೇಕಿರುವುದು ನನ್ನ ಬೆರಳಿಗೆ, ಆ ಪೈಪಿಗೆ.

ಮೊದಲ ಚಳಿಗಾಲದ ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಬಯಲಲ್ಲಿ ಬಿಡಾರ ಹೂಡುವವರು ಬಳಸುವ ಗ್ಯಾಸ್ ಗೀಸರನ್ನು ತಂದು ವ್ಯಾನಿನೊಳಗೆ ತೂಗುಹಾಕಿದೆ. ಅರ್ಧ ಗಂಟೆಯಲ್ಲಿ ತಲೆ ಸಿಡಿಯತೊಡಗಿತು. ಹಿಂಬಾಗಿಲು ತೆಗೆದಿದ್ದರಿಂದ ಬಚಾವಾದೆ. ಬೆಂಗಳೂರಿನ ಬಚ್ಚಲುಮನೆಗಳಲ್ಲಿ ಗ್ಯಾಸ್ ಗೀಸರಿನಿಂದ ಜನ ಸತ್ತ ಸುದ್ದಿಗಳನ್ನು ಎಷ್ಟು ಸಲ ಓದಿದ್ದೆನೋ! ಗಾಳಿಯಾಡದ ಜಾಗದಲ್ಲಿ ಗ್ಯಾಸ್ ಉರಿದರೆ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಹಾಗಾದರೆ ಬ್ಯಾಟರಿಯಿಂದ ಕಾಯಿಸಬಾರದೇ? ಲೆಕ್ಕ ಹಾಕಿ. ನಿಮಿಷಕ್ಕೆ ಒಂದೂವರೆ ಲೀಟರ್ ಹರಿಯುವ ನೀರನ್ನು 35 ಡಿಗ್ರಿ ಏರಿಸಲು ಸುಮಾರು 3.7 ಕಿಲೋವ್ಯಾಟ್ ಬೇಕು. 12 ವೋಲ್ಟಿನ 110 ಆಂಪಿಯರ್-ಅವರ್ ಬ್ಯಾಟರಿ ಇಪ್ಪತ್ತು ನಿಮಿಷದಲ್ಲಿ ಮಕಾಡೆ ಮಲಗುತ್ತದೆ. ರಾತ್ರಿ ಮನೆ ಕರೆಂಟಿನಲ್ಲಿ ಇಡೀ ಟ್ಯಾಂಕು ಕಾಯಿಸುವವರೂ ಇದ್ದಾರೆ. 8 ಡಿಗ್ರಿಯಿಂದ 45ಕ್ಕೆ ಏರಿಸಲು ಹದಿನೇಳು ಯೂನಿಟ್ ಆಗುತ್ತದೆ. ಬೆಳಿಗ್ಗೆ ಮಳೆ ಬಂದು ಕೆಲಸ ನಿಂತರೆ ಅಷ್ಟೂ ದಂಡ.

ಕೊನೆಗೆ ಹಾಕಿಸಿದ್ದು ಡೀಸೆಲ್ ಹೀಟರು. ವೆಬಾಸ್ಟೊ, ಎಬರ್‌ಸ್ಪೇಷರ್ ಕಂಪನಿಗಳು ಗಾಡಿಗಳ ಎಂಜಿನ್ ಬೆಚ್ಚಗಿಡಲೆಂದು ಮಾಡುವ, ಐದು ಕಿಲೋವ್ಯಾಟಿನ ಬಗೆಯದು. ವ್ಯಾನಿನ ಟ್ಯಾಂಕಿನಿಂದಲೇ ಡೀಸೆಲ್ ಕುಡಿಯುತ್ತದೆ, ಪೂರಾ ಉರಿದರೆ ಗಂಟೆಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು. ಅದು ಕಾಯಿಸುವುದು ಗಾಜು ತೊಳೆಯುವ ನೀರನ್ನಲ್ಲ, ಹೆಪ್ಪುಗಟ್ಟದಂತೆ ಆಂಟಿಫ್ರೀಜ್ ಬೆರೆತ ಬೇರೆಯೇ ನೀರನ್ನು. ಅಂಗೈಯಗಲದ, ತೆಳು ತಗಡುಗಳನ್ನು ಒತ್ತಿ ಜೋಡಿಸಿದ ಒಂದು ಪೆಟ್ಟಿಗೆಯಲ್ಲಿ ಎರಡೂ ನೀರು ಅಕ್ಕಪಕ್ಕ ಹರಿಯುತ್ತವೆ. ಶಾಖ ದಾಟುತ್ತದೆ, ನೀರು ಬೆರೆಯುವುದಿಲ್ಲ. ಹೊಗೆ ಕೊಳವೆ ಗಾಡಿಯ ಅಡಿಯಿಂದ ಬಾಗಿಲಿಗೆ ದೂರವಾಗಿ ಹೊರಬೀಳಬೇಕು. ಇದನ್ನು ನಾನು ಮೆಕ್ಯಾನಿಕ್ಕಿಗೇ ಬಿಟ್ಟೆ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಾತ್ರ ನಾನೇ ತಂದು ಹಾಕಿದೆ.

ಹೀಟರು ಕಾದರೂ ಬ್ರಷ್ಷಿಗೆ ಬಿಸಿ ಬರಲು ತಾಳ್ಮೆ ಬೇಕು. ಆರು ಮಿಲಿಮೀಟರ್ ಒಳಗಂಡಿಯ ನೂರು ಮೀಟರ್ ಪೈಪಿನಲ್ಲಿ ಮೂರು ಲೀಟರಿನಷ್ಟು ತಣ್ಣೀರು ನಿಂತಿರುತ್ತದೆ. ಅದು ಖಾಲಿಯಾಗಲು ಸುಮಾರು ಎರಡು ನಿಮಿಷ.

ಇನ್ನು ಹದ. ಅಜ್ಜಿ ಹಂಡೆಯ ನೀರಿಗೆ ತಣ್ಣೀರು ಬೆರೆಸಿ, ಕೈ ಅದ್ದಿ ನೋಡಿಯೇ ನಮ್ಮ ತಲೆಗೆ ಹೊಯ್ಯುತ್ತಿದ್ದಳು. ಇಲ್ಲಿ ಆ ಕೆಲಸ ಥರ್ಮೋಸ್ಟಾಟ್ ಇರುವ ಒಂದು ವಾಲ್ವಿನದು. ಹಿಮ ಕಟ್ಟಿದ ಗಾಜಿಗೆ ಸುಡುನೀರು ಬಿದ್ದರೆ ಬಿರುಕು ಬಿಡಬಹುದು, ಹಳೆಯ ಗಾಜಿಗಂತೂ ಇನ್ನೂ ಜಾಗ್ರತೆ. ಸುರಿದ ನೀರು ಬಾಗಿಲ ಮುಂದೆ ಹೆಪ್ಪುಗಟ್ಟಿದರೆ ಮನೆಯವರು ಜಾರುತ್ತಾರೆ, ಅಲ್ಲಿಗೆ ಉಪ್ಪು ಎರಚಿಯೇ ಹೊರಡುತ್ತೇನೆ.

ಬೇಸಿಗೆಯಲ್ಲೂ ಹೀಟರನ್ನು ಪೂರ್ತಿ ಮರೆಯುವಂತಿಲ್ಲ, ತಿಂಗಳಿಗೊಮ್ಮೆ ಹತ್ತು ನಿಮಿಷ ಉರಿಸುತ್ತೇನೆ. ಜುಲೈ ಬಿಸಿಲಲ್ಲಿ ವ್ಯಾನಿನಡಿ ಹೊಗೆ ಕಂಡು ಪಕ್ಕದ ಮನೆಯವರು, “ಗಾಡಿಗೆ ಜ್ವರವೇ?” ಎನ್ನುತ್ತಾರೆ. ನಮಸ್ಕಾರ.