ಮಗು ರಾತ್ರಿ ಹಿಂದೆ ಕೆರ್ಕೊಳ್ತಿದ್ಯಾ? ಬೆಳ್ಳುಳ್ಳಿ ಪಕ್ಕಕ್ಕಿಡಿ, ನೇಲ್ ಕಟ್ಟರ್ ಎತ್ಕೊಳ್ಳಿ

ಬನ್ನಿ ಬನ್ನಿ. ಮಕ್ಕಳಿಗೆ ರಾತ್ರಿ ಮಲದ್ವಾರದ ಹತ್ರ ಕೆರೆತ ತರೋ ಪಿನ್‌ವರ್ಮ್ ಹುಳದ ವಿಷಯ ಇವತ್ತು. ಟೇಬಲ್ ಮೇಲೆ ಏನೇನಿದೆ ಅಂತ ನಿಮಗೇ ಕಾಣ್ತಿದೆ. ಎಡಗಡೆ ಬೆಳ್ಳುಳ್ಳಿ, ಪಪ್ಪಾಯಿ ಬೀಜ, ಸಿಹಿಗುಂಬಳದ ಬೀಜ, ಬೇವಿನೆಣ್ಣೆ, ವಾಯುವಿಡಂಗ, ಹರಳೆಣ್ಣೆ. ಬಲಗಡೆ ಸೋಪು, ನೇಲ್ ಕಟ್ಟರ್, ವ್ಯಾಸಲೀನ್, ಸೆಲೋ ಟೇಪು. ಎಡಗಡೆಯದಕ್ಕೆ ಅಂತಲೇ ವಿಡಿಯೋ ಒತ್ತಿರೋರು ಜಾಸ್ತಿ ಇರ್ತೀರ, ಗೊತ್ತು. ಕೆಲಸ ಮಾಡೋದು ಮಾತ್ರ ಬಲಗಡೆಯದು. ಮೊದಲೇ ಹೇಳ್ಬಿಟ್ಟೆ, ಬೇಜಾರಾದ್ರೆ ಇಲ್ಲೇ ಮುಚ್ಚಿ ಹೋಗ್ಬಹುದು.

ತೋರಿಸೋಕೆ ಮಗು ಬದಲು ಈ ಗೊಂಬೆ ಯಾಕೆ ಅಂತೀರಾ? ಮಕ್ಕಳನ್ನ ಕ್ಯಾಮೆರಾ ಮುಂದೆ ಕೂರಿಸೋ ವಿಷಯ ಅಲ್ಲ ಇದು. ಯಾರೂ ಕೂರಿಸ್ಬೇಡಿ. ಗೊಂಬೆ ಸಾಕು.

ಸರಿ, ಯಾವ ಹುಳ? ನಮ್ಮ ಕಡೆ ಹೊಟ್ಟೇಲಿ ಏನೇ ಇದ್ರೂ ಜಂತುಹುಳ ಅಂದ್ಬಿಡ್ತೀವಿ. ಇವತ್ತಿನದು ಪಿನ್‌ವರ್ಮ್. ಬಿಳಿ ಹೊಲಿಗೆ ದಾರನ ಒಂದು ಸೆಂಟಿಮೀಟರ್‌ಗೆ ಕತ್ತರಿಸಿ ಬಿಟ್ಟ ಹಾಗಿರುತ್ತೆ. ಹೆಣ್ಣು ಹುಳ 8ರಿಂದ 13 ಮಿಲಿಮೀಟರ್, ಗಂಡು ಅದರ ಅರ್ಧಾನೂ ಬರಲ್ಲ. ಮಣ್ಣಲ್ಲಿ ಆಡಿದ್ರೆ ಬರೋದಲ್ಲ ಇದು. ನಾಯಿ ಬೆಕ್ಕಿಂದಲೂ ಬರಲ್ಲ, ಪಾಪ ಅವನ್ನ ಬೈಬೇಡಿ. ಮನುಷ್ಯರಿಂದ ಮನುಷ್ಯರಿಗೆ ಮಾತ್ರ. ಬೆಲ್ಲ ತಿಂದ್ರೆ, ಚಾಕ್ಲೇಟ್ ತಿಂದ್ರೆ ಹುಳ ಆಗುತ್ತೆ ಅನ್ನೋದೂ ಸುಳ್ಳು. ತೊಳೀದೇ ಇರೋ ಕೈಯಲ್ಲಿ ಚಾಕ್ಲೇಟ್ ತಿಂದ್ರೆ ಬರುತ್ತೆ. ಅದೇ ಕೈಯಲ್ಲಿ ಚಪಾತಿ ತಿಂದ್ರೂ ಬರುತ್ತೆ.

ಹುಳ ಇರೋದು ದೊಡ್ಡಕರುಳು ಶುರುವಾಗೋ ಜಾಗದಲ್ಲಿ. ಮಗು ಮಲಗಿದ ಮೇಲೆ ಹೆಣ್ಣು ಹುಳ ಕೆಳಗಿಳಿದು ಹೊರಗೆ ಬಂದು ಮಲದ್ವಾರದ ಸುತ್ತ ಚರ್ಮದ ಮೇಲೆ ಮೊಟ್ಟೆ ಇಡುತ್ತೆ. ಒಂದೊಂದು ಹುಳ 10,000ದ ಆಸುಪಾಸು. ಮೊಟ್ಟೆ ಜೊತೆ ಇರೋ ಅಂಟಿಗೆ, ಹುಳದ ಓಡಾಟಕ್ಕೆ ಕೆರೆತ ಶುರು. ಮಗು ನಿದ್ದೆಗಣ್ಣಲ್ಲೇ ಕೆರ್ಕೊಳ್ಳುತ್ತೆ, ಮೊಟ್ಟೆ ಉಗುರಿನೊಳಗೆ ಹೋಗುತ್ತೆ, ಉಗುರು ಬಾಯಿಗೆ ಹೋಗುತ್ತೆ. ಇಟ್ಟ ಮೊಟ್ಟೆ 4ರಿಂದ 6 ಗಂಟೆಯೊಳಗೆ ಸೋಂಕು ಹರಡೋಕೆ ತಯಾರು. ರಾತ್ರಿ 11ಕ್ಕೆ ಇಟ್ಟಿದ್ದು ಬೆಳಗ್ಗೆ ಹಾಲು ಕುಡಿಯೋ ಹೊತ್ತಿಗೆ ರೆಡಿ. ನುಂಗಿದ ಮೊಟ್ಟೆ ಬೆಳೆದು ತಾನೇ ಮೊಟ್ಟೆ ಇಡೋ ಹುಳ ಆಗೋಕೆ ಸುಮಾರು ಒಂದು ತಿಂಗಳು. ಇಷ್ಟು ತಲೇಲಿ ಇಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಈಗ ಹುಳ ಇದೆಯೋ ಇಲ್ವೋ ನೋಡೋದು. ಮಗು ಮಲಗಿ 2–3 ಗಂಟೆ ಆದ ಮೇಲೆ ಮೊಬೈಲ್ ಟಾರ್ಚ್ ಹಾಕಿ ಮೆಲ್ಲಗೆ ನೋಡಿ. ಇದ್ರೆ ಹರಿದಾಡ್ತಿರೋದು ಕಣ್ಣಿಗೇ ಕಾಣುತ್ತೆ. ಕಾಣಿಸ್ಲಿಲ್ಲ ಅಂದ್ರೆ ಟೇಪ್ ಟೆಸ್ಟ್, ಅಂದ್ರೆ ಬೆಳಗ್ಗೆ ಚರ್ಮದ ಮೇಲಿನ ಮೊಟ್ಟೆನ ಟೇಪಿಗೆ ಅಂಟಿಸ್ಕೊಂಡು ಲ್ಯಾಬಲ್ಲಿ ಮೈಕ್ರೋಸ್ಕೋಪ್ ಕೆಳಗೆ ನೋಡಿಸೋದು. ಅದನ್ನೇ ಈಗ ತೋರಿಸ್ತೀನಿ.

ಈ ಟೇಪು. ಒಂದು ನಿಮಿಷ. ತುದಿ ಎಲ್ಲಿ? ನೋಡಿ, ಇದು ಪ್ರತಿ ಸಲದ ಗೋಳು. ಉಗುರಲ್ಲಿ ಸುತ್ತಾ ಗೀರ್ತಾ ಬನ್ನಿ, ಸಿಗಲ್ಲ. ಸಿಕ್ತು ಅಂದ್ಕೊಂಡ್ರೆ ಅರ್ಧ ಅಗಲಕ್ಕೆ ಸಿಗಿದು ಬರುತ್ತೆ. ಬೆಳಗ್ಗೆ ಆರೂವರೆಗೆ, ಮಗು ಇನ್ನೂ ನಿದ್ದೆಗಣ್ಣಲ್ಲಿ, ಸ್ಕೂಲ್ ವ್ಯಾನ್ ಬರೋ ಟೆನ್ಷನ್ ಬೇರೆ, ಆಗ ಈ ತುದಿ ಹುಡುಕ್ಕೊಂಡು ಕೂತ್ಕೊಳ್ಳೋಕಾಗುತ್ತಾ? ಅದಕ್ಕೆ ಹಿಂದಿನ ರಾತ್ರಿನೇ ತುದಿ ಮಡಚಿ ಇಡಿ. ಇನ್ನೂ ಒಳ್ಳೇದು, 8 ಸೆಂಟಿಮೀಟರಿನ ತುಂಡು ಮೂರು ಕತ್ತರಿಸಿ ಸ್ಟೀಲ್ ತಟ್ಟೆ ಅಂಚಿಗೆ ಅಂಟಿಸಿಡಿ. ಹಾಂ, ಬಂತು.

ಅಂಗಡೀಲಿ ಎರಡು ಥರ ಕೊಡ್ತಾರೆ. ಒಂದು ಹೊಳೆಯೋ, ಗಾಜಿನ ಥರ ಪೂರ್ತಿ ಪಾರದರ್ಶಕ ಟೇಪು, ಅಗ್ಗದ್ದು. ಇನ್ನೊಂದು ಮಸುಕು ಮಸುಕಾಗಿರೋದು, ಪೇಪರ್ ಮೇಲೆ ಅಂಟಿಸಿದ್ರೆ ಕಾಣದ ಹಾಗಾಗುತ್ತಲ್ಲ ಅದು, ರೇಟೂ ಜಾಸ್ತಿ. ನಮಗೆ ಬೇಕಾಗಿರೋದು ಅಗ್ಗದ್ದೇ. ಮಸುಕು ಟೇಪಿನಲ್ಲಿ ಮೈಕ್ರೋಸ್ಕೋಪ್ ಕೆಳಗೆ ಮೊಟ್ಟೆ ಸರಿಯಾಗಿ ಕಾಣಲ್ಲ. ದುಡ್ಡು ಜಾಸ್ತಿ ಕೊಟ್ಟು ಟೆಸ್ಟ್ ಕೆಡಿಸ್ಕೊಳ್ಳೋದು ಇದೊಂದರಲ್ಲೇ ಇರ್ಬೇಕು. ಬಣ್ಣದ ಪ್ಯಾಕಿಂಗ್ ಟೇಪಂತೂ ಬೇಡವೇ ಬೇಡ.

ಚಮಚದ ಹಿಂಭಾಗಕ್ಕೆ, ಇಲ್ಲಾ ಐಸ್‌ಕ್ರೀಮ್ ಕಡ್ಡಿಗೆ, ಅಂಟು ಹೊರಗಡೆ ಬರೋ ಹಾಗೆ ಟೇಪ್ ಹಿಡ್ಕೊಳ್ಳಿ. ಮಲದ್ವಾರದ ಎರಡೂ ಪಕ್ಕದ ಚರ್ಮಕ್ಕೆ ಒತ್ತಿ, ತೆಗೀರಿ. ಒಳಗೆ ತುರುಕೋದಲ್ಲ, ಮೇಲೆ ಒತ್ತೋದು ಅಷ್ಟೇ. ಆಮೇಲೆ ಗಾಜಿನ ಸ್ಲೈಡಿಗೆ ಅಂಟಿಸಿ, ಹೆಸರು, ತಾರೀಖು ಬರೆದು ಜಿಪ್ ಕವರಲ್ಲಿ ಹಾಕಿ. ಸ್ಲೈಡ್ ಹಿಂದಿನ ದಿನವೇ ಲ್ಯಾಬಲ್ಲಿ ಕೇಳಿ ತಂದಿಟ್ಕೊಳ್ಳಿ. ಇದೆಲ್ಲ ಮಗು ಎದ್ದ ತಕ್ಷಣ, ಸ್ನಾನಕ್ಕೆ ಮುಂಚೆ, ಕಕ್ಕಕ್ಕೆ ಹೋಗೋಕೂ ಮುಂಚೆ. ತೊಳೆದ ಮೇಲೆ ಮಾಡಿದ್ರೆ ಟೇಪಿಗೆ ಬರೋದು ಬರೀ ನೀರು. ಮೂರು ದಿನ ಬೆಳಗ್ಗೆ ಬಿಡದೆ ಮಾಡಿ. ಒಂದೇ ದಿನ ಮಾಡಿದ್ರೆ ಹುಳ ಇರೋ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನ ಸಿಗಲ್ಲ, ಮೂರು ದಿನ ಮಾಡಿದ್ರೆ 90 ಪರ್ಸೆಂಟ್ ಹತ್ರ ಸಿಕ್ತಾರೆ.

ಇನ್ನು ಲ್ಯಾಬಿಗೆ ಹೋದ್ರೆ ಕೌಂಟರಲ್ಲಿ ಏನಂತಾರೆ? ಮಲ ತನ್ನಿ ಅಂತಾರೆ! ಮೊಟ್ಟೆ ಇರೋದು ಚರ್ಮದ ಮೇಲೆ, ಮಲ ಪರೀಕ್ಷೇಲಿ ಪಿನ್‌ವರ್ಮ್ ಮೊಟ್ಟೆ ಸಿಗೋದು ಬಹಳ ಅಪರೂಪ. ಡಬ್ಬಿ ತುಂಬಿಸ್ಕೊಂಡು, ದುಡ್ಡು ತಗೊಂಡು, ನಾರ್ಮಲ್ ಅಂತ ಬರೆದು ಕೊಡ್ತಾರೆ, ಮಗು ರಾತ್ರಿ ಕೆರ್ಕೊಳ್ತಾನೇ ಇರುತ್ತೆ. ಚೀಟಿಯಲ್ಲಿ ಟೇಪ್ ಟೆಸ್ಟ್ ಅಂತ ಡಾಕ್ಟರ ಹತ್ರ ಬರೆಸ್ಕೊಂಡೇ ಹೋಗಿ. ಸರಿ ಸರಿ, ಟೇಪಿಗೇ ಇಷ್ಟು ಹೊತ್ತಾಯ್ತು. ಮುಂದೆ ಹೋಗೋಣ.

ಎಡಗಡೆ ಸಾಮಾನು. ಬೆಳ್ಳುಳ್ಳಿ. ಎರಡು ಎಸಳು ಜಜ್ಜಿ ಜೇನಲ್ಲಿ ಕೊಡಿ ಅಂತಾರೆ, ಇಲ್ಲಾಂದ್ರೆ ವ್ಯಾಸಲೀನಲ್ಲಿ ಕಲಸಿ ಹಿಂದೆ ಹಚ್ಚಿ ಅಂತಾರೆ. ಹಚ್ಚೋದು ಬೇಡ, ಖಂಡಿತ ಬೇಡ. ಹಸಿ ಬೆಳ್ಳುಳ್ಳಿ ದೊಡ್ಡವರ ಕೈ ಚರ್ಮಕ್ಕೇ ಬಟ್ಟೆ ಕಟ್ಟಿಟ್ರೆ ಬೊಬ್ಬೆ ಏಳುತ್ತೆ, ಕೆರೆದು ಕೆಂಪಾಗಿರೋ ಮಗುವಿನ ಆ ಜಾಗಕ್ಕೆ ಹಚ್ಚೋದಾ? ತಿನ್ನಿಸೋದರಿಂದ ಈ ಹುಳ ಹೋಗುತ್ತೆ ಅನ್ನೋಕೆ ಮಕ್ಕಳಲ್ಲಿ ಮಾಡಿದ ಗಟ್ಟಿ ಪುರಾವೆ ಇಲ್ಲ. ಸಾರಿಗೆ ಹಾಕಿ, ಘಮ ಚೆನ್ನಾಗಿರುತ್ತೆ. ಜೇನು ಅಂದ್ರಲ್ಲ, ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಲೇಬೇಡಿ, ಹುಳಕ್ಕಾಗಲಿ, ಶಾಸ್ತ್ರಕ್ಕಾಗಲಿ. ಬೊಟುಲಿಸಂ ಅಂತ ನರಗಳನ್ನ ಹಿಡಿಯೋ ಕಾಯಿಲೆ ಬರೋ ಅಪಾಯ ಇದೆ.

ಪಪ್ಪಾಯಿ ಬೀಜದ ಮೇಲೆ ನಿಜವಾಗಲೂ ಒಂದು ಪ್ರಯೋಗ ಆಗಿದೆ, ನೈಜೀರಿಯಾದಲ್ಲಿ, 60 ಮಕ್ಕಳ ಮೇಲೆ, 2007ರಲ್ಲಿ ಪ್ರಕಟ ಆಯ್ತು. ಒಣಗಿಸಿದ ಬೀಜ ಜೇನಲ್ಲಿ ಬೆರೆಸಿ ಕೊಟ್ಟಿದ್ರು, ಬರೀ ಜೇನು ಕುಡಿದ ಮಕ್ಕಳಿಗಿಂತ ಒಳ್ಳೆ ಫಲಿತಾಂಶ ಬಂತು. ಆದ್ರೆ ಅಳೆದಿದ್ದು ಮಲ ಪರೀಕ್ಷೆಯಿಂದ. ಈಗ ತಾನೇ ಹೇಳಿದ್ನಲ್ಲ, ಮಲದಲ್ಲಿ ಪಿನ್‌ವರ್ಮ್ ಸಿಗಲ್ಲ. ಹಾಗಾಗಿ ಬೇರೆ ಹುಳಕ್ಕೆ ಕುತೂಹಲದ ವಿಷಯ, ನಮ್ಮ ಹುಳಕ್ಕೆ ಉತ್ತರ ಅಲ್ಲ. ಜೊತೆಗೆ ಬೀಜ ಕಹಿ, ಖಾರ. ಮೂರು ವರ್ಷದ ಮಗು ತಿನ್ನುತ್ತೆ ಅಂತೀರಾ?

ಸಿಹಿಗುಂಬಳದ ಬೀಜ. ಹಳ್ಳೀಲಿ ಹುಳಿಗೆ ಹೆಚ್ಚುವಾಗ ಬಿಸಾಡೋ ಬೀಜ, ಇಲ್ಲಿ ಸುಲಿದು ಪ್ಯಾಕೆಟ್ ಮಾಡಿ ಗೋಡಂಬಿ ಪಕ್ಕ ಇಟ್ಟು ಗೋಡಂಬಿ ರೇಟೇ ಹಾಕ್ತಾರೆ. ಅದು ಹಳೇ ಕಾಲದಿಂದ ಬಳಕೆ ಆಗಿರೋದು ಲಾಡಿಹುಳಕ್ಕೆ, ಇದಕ್ಕಲ್ಲ. ವೇಸ್ಟು. ವೇಸ್ಟೂ ಅಲ್ಲ ಬಿಡಿ, ಸತು ಇದೆ, ಪ್ರೋಟೀನ್ ಇದೆ, ಪುಡಿ ಮಾಡಿ ದೋಸೆ ಹಿಟ್ಟಿಗೆ ಹಾಕಿ. ಚಿಕ್ಕ ಮಗುವಿಗೆ ಇಡೀ ಬೀಜ ಮಾತ್ರ ಕೊಡ್ಬೇಡಿ, ಗಂಟಲಿಗೆ ಸಿಕ್ಕೊಳ್ಳುತ್ತೆ.

ಬೇವಿನೆಣ್ಣೆ ಕುಡಿಸೋದು, ಇದಕ್ಕೆ ನಾನು ನೇರವಾಗಿ ವಿರೋಧ. 1980ರ ದಶಕದ ಶುರುವಿನಲ್ಲಿ ಮಲೇಷ್ಯಾದಲ್ಲಿ ಬೇವಿನೆಣ್ಣೆ ಕುಡಿಸಿದ ಶಿಶುಗಳಿಗೆ ಫಿಟ್ಸ್ ಬಂದು, ಮಿದುಳು, ಲಿವರ್ ಕೆಟ್ಟು, ಸಾವೂ ಆಗಿರೋದು ದಾಖಲಾಗಿದೆ. ವಾಯುವಿಡಂಗ ಆಯುರ್ವೇದದಲ್ಲಿ ಕ್ರಿಮಿಗೆ ಹೆಸರಾದದ್ದು, ಒಪ್ಪಿದೆ. ಆದ್ರೆ ಗ್ರಂಥಿಗೆ ಅಂಗಡೀಲಿ ಅದೇ ಥರ ಕಾಣೋ ಬೇರೆ ಗಿಡದ ಕಾಳು ಬೆರೆಸೋದು ಸಾಮಾನ್ಯ, ಪುಡಿ ಆದ್ಮೇಲೆ ಗುರುತೇ ಸಿಗಲ್ಲ. ಕೊಡಲೇಬೇಕು ಅನ್ಸಿದ್ರೆ ವೈದ್ಯರನ್ನ ಕಂಡು, ಅಳತೆ ಬರೆಸ್ಕೊಳ್ಳಿ, ಅಂದಾಜಿಗೆ ಚಿಟಿಕೆ ಹಾಕ್ಬೇಡಿ. ಹರಳೆಣ್ಣೆ? ಬೇಧಿ ಆಗುತ್ತೆ, ಮಗು ಸುಸ್ತಾಗುತ್ತೆ, ಉಗುರಿನ ಮೊಟ್ಟೆ ಉಗುರಲ್ಲೇ ಇರುತ್ತೆ. ಎಡಗಡೆ ಮುಗೀತು, ಎತ್ತಿಡ್ತೀನಿ.

ಈಗ ಬಲಗಡೆ. ಉಗುರು ಮೊದಲು. ಬಿಳಿ ಅಂಚು ಉಳೀದ ಹಾಗೆ ಕತ್ತರಿಸಿ, ಸ್ನಾನ ಆದ ಮೇಲೆ ಮೆತ್ತಗಿರುತ್ತೆ. ಬಿದ್ದ ಚೂರು ಪೇಪರಲ್ಲಿ ಸುತ್ತಿ ಕಸಕ್ಕೆ. ಬೆರಳು ಚೀಪೋ ಮಗು, ಉಗುರು ಕಚ್ಚೋ ಮಗು ಆದ್ರೆ ಇದೇ ನಿಮ್ಮ ಅರ್ಧ ಕೆಲಸ.

ಬೆಳಗಿನ ಸ್ನಾನ. ರಾತ್ರಿ ಸ್ನಾನ ಮಾಡಿಸೋ ಮನೆಯವರು ಕೆಲವು ವಾರ ಬೆಳಗ್ಗೆಗೆ ಬದಲಾಯಿಸಿ. ರಾತ್ರಿ ಇಟ್ಟ ಮೊಟ್ಟೆ ತೊಳೆದು ಹೋಗ್ಬೇಕು, ಅದೂ ತಿಂಡಿಗೆ ಮುಂಚೆ. ನೀರಿಲ್ಲ, ಟ್ಯಾಂಕರ್ ಬಂದಿಲ್ಲ ಅಂದ್ರೆ ಆ ಜಾಗ ಮಾತ್ರ ಸೋಪು ಹಾಕಿ ಹರಿಯೋ ನೀರಲ್ಲಿ ತೊಳೀರಿ. ಟಬ್ಬಲ್ಲಿ ಅಣ್ಣ ತಂಗೀನ ಒಟ್ಟಿಗೆ ಕೂರಿಸ್ಬೇಡಿ. ತೊಳೆಸಿದ ಕೈ ನಿಮ್ಮದಲ್ವಾ, ಅದೇ ಕೈಯಲ್ಲಿ ಟಿಫನ್ ಬಾಕ್ಸ್ ಮುಟ್ಟೋ ಮುಂಚೆ ಸೋಪು ಹಾಕಿ 20 ಸೆಕೆಂಡ್ ಉಜ್ಜಿ, ಉಗುರಿನ ಸಂದಿ ಸೇರಿ. ಸ್ಯಾನಿಟೈಸರ್ ಈ ಮೊಟ್ಟೆಗೆ ನಾಟಲ್ಲ. ಉಜ್ಜಿ ತೊಳೆದ್ರೆ ಮಾತ್ರ ಹೋಗುತ್ತೆ.

ರಾತ್ರಿ ಮಲಗೋ ಮುಂಚೆ ಮಲದ್ವಾರದ ಸುತ್ತ ತೆಳ್ಳಗೆ ವ್ಯಾಸಲೀನ್, ಇಲ್ಲ ಕೊಬ್ಬರಿ ಎಣ್ಣೆ. ಹುಳ ಸಾಯಲ್ಲ, ಕೆರೆತ ಕಡಿಮೆ ಆಗುತ್ತೆ, ಕೆರೆದು ಆದ ಗಾಯಕ್ಕೆ ಹಿತ. ಮೇಲೆ ಮೈಗೆ ಸರಿಯಾಗಿ ಕೂರೋ ಹತ್ತಿ ಚಡ್ಡಿ ಹಾಕಿ, ಕೈ ನೇರವಾಗಿ ತಾಗಲ್ಲ.

ಬಟ್ಟೆ. ಬೆಡ್‌ಶೀಟ್ ಒದರಬೇಡಿ! ಬೆಳಗ್ಗೆ ಬಾಲ್ಕನಿಯಲ್ಲಿ ಪಟಪಟ ಅಂತ ಒದರ್ತೀವಲ್ಲ, ಮೊಟ್ಟೆ ಧೂಳಿನ ಜೊತೆ ಗಾಳಿಗೆ ಹೋಗುತ್ತೆ. ಸುತ್ತಿ ನೇರ ಬಕೆಟ್ಟಿಗೆ. ನೀರು 55–60 ಡಿಗ್ರಿ, ಕೈ ಇಡೋಕಾಗದಷ್ಟು ಬಿಸಿ. ದಿನಾ ಬೆಡ್‌ಶೀಟ್ ಒಗೀಬೇಕು. ಅಲ್ಲಲ್ಲ, ಅದು ನಡೆಯೋ ಮಾತಲ್ಲ. ಚಡ್ಡಿ, ರಾತ್ರಿ ಬಟ್ಟೆ ದಿನಾ. ಬೆಡ್‌ಶೀಟ್, ಹೊದಿಕೆ, ದಿಂಬಿನ ಕವರ್, ಮೆತ್ತನೆ ಗೊಂಬೆ ಇವೆಲ್ಲ ಹುಳದ ಮಾತ್ರೆ (ಅದರ ವಿಷಯ ಮುಂದೆ ಹೇಳ್ತೀನಿ) ಕೊಟ್ಟ ಮಾರನೇ ಬೆಳಗ್ಗೆ ಒಂದು ಸಲ ಪೂರ್ತಿ. ತಂಪು, ತೇವ ಇರೋ ಕಡೆ ಮೊಟ್ಟೆ 2–3 ವಾರ ಬದುಕುತ್ತೆ, ಬಿಸಿಲು, ಒಣ ಹವೆ ಅದಕ್ಕೆ ಆಗಲ್ಲ. ಬಯಲುಸೀಮೆಯೋರಿಗೆ ಇದು ಸುಲಭ. ಮಲೆನಾಡು, ಕರಾವಳಿಯೋರು ಜುಲೈಯಲ್ಲಿ ಬಿಸಿಲು ಎಲ್ಲಿಂದ ತರೋದು? ಬಿಸಿ ನೀರಲ್ಲಿ ಒಗೆದು ಇಸ್ತ್ರಿ ಹಾಕಿ. ನೆಲ ಗುಡಿಸೋ ಬದಲು ಒದ್ದೆ ಬಟ್ಟೇಲಿ ಒರೆಸಿ.

ಔಷಧಿ ಬೇಡ, ಬರೀ ಇಷ್ಟರಲ್ಲೇ ಹೋಗುತ್ತಾ ಅಂತ ಕೇಳಿದ್ರೆ, ಹೋಗ್ಬಹುದು. ಒಳಗಿರೋ ಹುಳ ತನ್ನ ಆಯಸ್ಸು ಮುಗಿಸ್ಕೊಂಡು ಹೋಗುತ್ತೆ, ಹೊಸ ಮೊಟ್ಟೆ ಬಾಯಿಗೆ ಹೋಗಬಾರದು ಅಷ್ಟೇ. ಅದಕ್ಕೆ 6 ವಾರ, ಒಂದು ದಿನಾನೂ ತಪ್ಪದೆ, ಮನೆಯವರೆಲ್ಲ. ಐದು ವರ್ಷದ ಮಗು ಇರೋ ಮನೇಲಿ ಅದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಅದಕ್ಕೇ ನಾನು ಮಾತ್ರೆ ಪರ.

ಹುಳ ಕೊಲ್ಲೋ ಆ ಮಾತ್ರೆ ಹೆಸರು ಆಲ್ಬೆಂಡಜೋಲ್. ಎರಡು ವರ್ಷ ಮೇಲ್ಪಟ್ಟವರಿಗೆ 400 ಮಿಲಿಗ್ರಾಂ ಒಂದು ಸಲ, ಒಂದರಿಂದ ಎರಡು ವರ್ಷದವರಿಗೆ 200, ಅದೂ ಡಾಕ್ಟರನ್ನ ಕೇಳಿ. ಒಂದು ವರ್ಷದೊಳಗೆ ನೀವಾಗಿ ಏನೂ ಬೇಡ. ಸಿರಪ್ ಆದ್ರೆ ಆ ಪುಟ್ಟ 10 ಎಂಎಲ್ ಬಾಟ್ಲೀಲೇ ಸಾಮಾನ್ಯವಾಗಿ ಪೂರ್ತಿ 400 ಇರುತ್ತೆ, ಲೇಬಲ್ ಓದಿ, ಚೆನ್ನಾಗಿ ಕುಲುಕಿ, ಇಲ್ಲಾಂದ್ರೆ ಔಷಧಿ ತಳದಲ್ಲೇ ಕೂತಿರುತ್ತೆ. ಮಾತ್ರೆ ಆದ್ರೆ ಪುಡಿ ಮಾಡಿ ನೀರಲ್ಲಿ ಕೊಡಿ, ಅಳೋ ಮಗುವಿನ ಮೂಗು ಹಿಡಿದು ನುಂಗಿಸ್ಬೇಡಿ. ಮಾತ್ರೆ ಹುಳನ ಕೊಲ್ಲುತ್ತೆ, ಮೊಟ್ಟೆ ಮೇಲೆ ಅದನ್ನ ನಂಬೋಕಾಗಲ್ಲ. ಅದಕ್ಕೆ ಎರಡು ವಾರ ಬಿಟ್ಟು ಇನ್ನೊಂದು ಡೋಸ್. ಅಷ್ಟರಲ್ಲಿ ಉಳಿದ ಮೊಟ್ಟೆ ಒಡೆದು ಹುಳ ಆಗಿರುತ್ತೆ, ಇನ್ನೂ ಮೊಟ್ಟೆ ಇಡೋ ವಯಸ್ಸಿಗೆ ಬಂದಿರಲ್ಲ. ಆ ತಿಂಗಳ ಲೆಕ್ಕ ಹೇಳಿದ್ದು ಇದಕ್ಕೇ. ಎರಡೂ ದಿನ ಮನೆಯವರೆಲ್ಲ ಒಟ್ಟಿಗೆ, ಕೆರೆತ ಇಲ್ಲದೋರೂ, ಅಜ್ಜಿ ತಾತನೂ. ಗರ್ಭಿಣಿ ಇದ್ರೆ ಅವರು ಮಾತ್ರ ತಾವಾಗಿ ತಗೊಳ್ಬಾರ್ದು, ಡಾಕ್ಟರ್ ಹೇಳಿದ ಹಾಗೆ.

ಸ್ಕೂಲಲ್ಲಿ, ಅಂಗನವಾಡೀಲಿ ಕೊಡ್ತಾರಲ್ಲ ಅಂತೀರಾ? ಹೌದು, 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಇದೆ, ಫೆಬ್ರುವರಿ 10, ಆಗಸ್ಟ್ 10, ಅದೇ ಮಾತ್ರೆ. ತಪ್ಪಿಸ್ಬೇಡಿ. ಅದರ ಗುರಿ ಮಣ್ಣಿಂದ ಬರೋ ಹುಳಗಳು. ಒಂದೇ ಡೋಸು, ಮನೇಲಿರೋರಿಗೆ ಸಿಗಲ್ಲ, ಎರಡು ವಾರದ್ದೂ ಇಲ್ಲ. ಅದಕ್ಕೇ ಮಾತ್ರೆ ತಿಂದ ಮಗುವಿಗೂ ಪಿನ್‌ವರ್ಮ್ ಮತ್ತೆ ಬರುತ್ತೆ. ಅದೇ ವಾರ ಮನೇಲೂ ಕೊಡೋ ಯೋಚನೆ ಇದ್ರೆ ಡಾಕ್ಟರಿಗೆ ಸ್ಕೂಲಿನದ್ದು ಹೇಳಿ.

ಬ್ಯಾಟರಿ ಕೆಂಪಾಗ್ತಿದೆ, ಬೇಗ ಹೇಳ್ತೀನಿ. ಜ್ವರ, ಮಲದಲ್ಲಿ ರಕ್ತ, ತೂಕ ಇಳಿಯೋದು, ಜೋರು ಹೊಟ್ಟೆನೋವು ಇದ್ರೆ ಪಿನ್‌ವರ್ಮ್ ಅಂತ ಸುಮ್ನೆ ಕೂರ್ಬೇಡಿ, ಕರ್ಕೊಂಡು ಹೋಗಿ. ಹೆಣ್ಣುಮಕ್ಕಳಲ್ಲಿ ಹುಳ ಮುಂದಕ್ಕೆ ಹರಿದು ಅಲ್ಲೂ ಉರಿ, ತುರಿಕೆ, ಬಿಳಿ ಹೋಗೋದು ಆಗುತ್ತೆ, ಉಚ್ಚೆ ಮಾಡುವಾಗ ಉರಿ ಅಂದ್ರೂ ತೋರಿಸಿ. ಮಾತ್ರೆ ಆದ್ಮೇಲೆ ಕೆಲವು ದಿನ ತುರಿಕೆ ಉಳೀಬಹುದು, ಅದಕ್ಕೆ ಅಂತ ಮೂರನೇ ಡೋಸ್ ನೀವೇ ಕೊಡ್ಬೇಡಿ. ಎರಡನೇ ಡೋಸ್ ಆಗಿ ಒಂದೆರಡು ವಾರ ಕಳೆದ ಮೇಲೂ ಕೆರೆತ ಇದ್ರೆ ಮತ್ತೆ ಮೂರು ಬೆಳಗ್ಗೆ ಟೇಪ್, ಹೊಳೆಯೋ ಟೇಪು, ಅದರ ಸ್ಲೈಡ್ ತಗೊಂಡೇ ಡಾಕ್ಟರ್ ಹತ್ರ ಹೋಗಿ.