ಸಹಿಗಿಂತ ಮೊದಲು ಠರಾವು: ಯುವನಾಯಕತ್ವದ ಸಂಸ್ಥೆ ಕಟ್ಟುವುದರ ಕುರಿತು

ಹಿರಿಯರೆ, ಗೆಳೆಯರೆ,

ಯುವಜನರಲ್ಲಿ ನಾಯಕತ್ವ ಬೆಳೆಸುವ ಸಂಸ್ಥೆ ಕಟ್ಟಬೇಕೆಂದು ಹೊರಟವರೂ, ಈಗಾಗಲೇ ಕಟ್ಟಿ ನಡೆಸುತ್ತಿರುವವರೂ ಈ ಸಭೆಯಲ್ಲಿದ್ದೀರಿ. ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದೇ ಕೆಲಸ ಮಾಡಿಕೊಂಡು ಬಂದವನಾಗಿ, ಆ ದುಡಿಮೆಯಿಂದ ನನಗೆ ಖಚಿತವಾದ ಒಂದು ವಿಚಾರವನ್ನು ನಿಮ್ಮ ಮುಂದಿಡುತ್ತೇನೆ. ಶಿಬಿರದಲ್ಲಿ ನಾಯಕತ್ವದ ಪರಿಚಯ ಮಾಡಿಕೊಡಬಹುದು. ಆದರೆ ಹಣ, ನಿರ್ಣಯ, ದಾಖಲೆ ಈ ಮೂರೂ ಯುವಜನರ ಕೈಗೆ ನಿಜವಾಗಿ ಬರುವವರೆಗೆ ಅವರು ಅದನ್ನು ಕಲಿಯುವುದಿಲ್ಲ. ಹಾಗಾಗಿ ಇಂಥ ಸಂಸ್ಥೆಯ ಬೆಳವಣಿಗೆಗೆ ನಾನು ಒಪ್ಪುವ ಅಳತೆ ಒಂದೇ: ಅದು ತನ್ನ ಕೈಯಲ್ಲಿದ್ದ ಎಷ್ಟನ್ನು ಅವರಿಗೆ ಬಿಟ್ಟುಕೊಟ್ಟಿದೆ?

ಈ ಕೆಲಸ ನಮ್ಮ ನೆಲಕ್ಕೆ ಹೊಸದಲ್ಲ. 1923ರಲ್ಲಿ, ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ, ಡಾ. ನಾ. ಸು. ಹರ್ಡೀಕರರು ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದರು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರು. ಅದರ ಕೇಂದ್ರ ಇಲ್ಲಿಯೇ, ಹುಬ್ಬಳ್ಳಿಯಲ್ಲಿ. ಮರುವರ್ಷ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಅಧಿವೇಶನ ನಡೆದಾಗ ಉಮಾಬಾಯಿ ಕುಂದಾಪುರ ಅವರು ಮಹಿಳಾ ಸ್ವಯಂಸೇವಕಿಯರ ಪಡೆಯನ್ನೇ ಕಟ್ಟಿ ತಂದರು. ಹೆಣ್ಣುಮಕ್ಕಳು ಹೊಸ್ತಿಲು ದಾಟುವುದೇ ಕಷ್ಟವಾಗಿದ್ದ ಕಾಲದಲ್ಲಿ ಅದು ಎಂಥ ಕೆಲಸವಾಗಿತ್ತೆಂಬುದನ್ನು, ಇಂದಿಗೂ ಮೂರು ದಿನದ ಶಿಬಿರಕ್ಕೆ ಒಬ್ಬ ಹುಡುಗಿಯನ್ನು ಕಳುಹಿಸಿರೆಂದು ಅವಳ ಮನೆಯ ಕಟ್ಟೆಯ ಮೇಲೆ ಕುಳಿತು ಕೇಳಿಕೊಂಡವರು ಬಲ್ಲರು. ಸೇವಾದಳದಲ್ಲಿ ಕವಾಯತೂ ಇತ್ತು, ಶಿಸ್ತಿನ ಪಾಠವೂ ಇತ್ತು. ಆದರೆ ಆ ಪಾಠದ ಹಿಂದೆ ಸಾವಿರಾರು ಜನ ಸೇರುವ ಅಧಿವೇಶನವನ್ನು ಸುಸೂತ್ರವಾಗಿ ನಡೆಸಿಕೊಡುವ ನಿಜವಾದ ಹೊಣೆ ಇತ್ತು. ತಪ್ಪಿದರೆ ಊರೇ ನೋಡುತ್ತಿತ್ತು. 1932ರಲ್ಲಿ ಬ್ರಿಟಿಷ್ ಸರ್ಕಾರ ಈ ಸಂಘಟನೆಯನ್ನು ನಿಷೇಧಿಸಿತು.

ಸ್ವಾತಂತ್ರ್ಯಾನಂತರ, ಗಾಂಧೀ ಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ಎನ್‌ಎಸ್‌ಎಸ್ ಶಿಬಿರದಲ್ಲಿ ಮೊದಲ ಬಾರಿಗೆ ಬೇರೆ ಜಾತಿಯವರ ಜತೆ ಒಂದೇ ಪಂಕ್ತಿಯಲ್ಲಿ ಉಂಡ ಹುಡುಗರನ್ನು ನಾನು ಬಲ್ಲೆ, ಆ ಋಣ ದೊಡ್ಡದು. ಆದರೂ ವರ್ಷಕ್ಕೆ 120 ಗಂಟೆಯ ಸೇವೆಯಲ್ಲಿ ಯಾವ ಊರಿಗೆ ಹೋಗಬೇಕು, ಅಲ್ಲಿ ಏನು ಮಾಡಬೇಕು, ಎಷ್ಟು ಖರ್ಚು ಮಾಡಬೇಕು ಎಂಬುದನ್ನು ಹೆಚ್ಚಿನ ಕಡೆ ಕಾರ್ಯಕ್ರಮಾಧಿಕಾರಿಗಳೇ ನಿರ್ಧರಿಸುತ್ತಾರೆ. ವಿದ್ಯಾರ್ಥಿಯ ಪಾಲಿಗೆ ಬರುವುದು ದುಡಿಮೆ ಮತ್ತು ಪ್ರಮಾಣಪತ್ರ. ಸ್ವಯಂಸೇವಾ ಸಂಸ್ಥೆಗಳಿಗೆ ಜಾಗವಿರುವುದು ಇಲ್ಲಿಯೇ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆರಂಭಿಸಿದಾಗ ಯಾರ ಅಪ್ಪಣೆಗೂ ಕಾಯಲಿಲ್ಲ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಜೇನುಕುರುಬ, ಕಾಡುಕುರುಬ ಬುಡಕಟ್ಟುಗಳ ಹಾಡಿಗಳ ನಡುವೆ ಆಸ್ಪತ್ರೆ, ಶಾಲೆಗಳನ್ನು ಕಟ್ಟುವ ಹೊಣೆ ಹೊತ್ತುಕೊಂಡೇ ಅವರು ನಾಯಕರಾದರು. ಆ ಸಂಸ್ಥೆ ನಾಯಕತ್ವ ತರಬೇತಿಗೆಂದೇ ಮೈಸೂರಿನಲ್ಲಿ ಪ್ರತ್ಯೇಕ ಕೇಂದ್ರ ತೆರೆದದ್ದು ಬಹಳ ಕಾಲದ ನಂತರ. ಮೊದಲು ಕೆಲಸ, ಆಮೇಲೆ ತರಬೇತಿ ಎಂಬ ಈ ಕ್ರಮವನ್ನು ನಮ್ಮಲ್ಲಿ ಅನೇಕರು ತಿರುಗುಮುರುಗು ಮಾಡಿದ್ದೇವೆ.

ನಮ್ಮ ಸಂಸ್ಥೆಯೂ ಹಾಗೆಯೇ ಮಾಡಿತ್ತು. ಮೊದಲ ಆರು ವರ್ಷ ನಾವು ಶಿಬಿರಗಳನ್ನೇ ನಡೆಸಿದೆವು. ಹಾಡು, ಆಟ, ಗುಂಪು ಚರ್ಚೆ, ಕೊನೆಯ ದಿನ ಎಲ್ಲರ ಕಣ್ಣಲ್ಲೂ ನೀರು. ಊರಿಗೆ ಮರಳಿದ ಮೇಲೆ ಏನಾಗುತ್ತಿತ್ತು ಎಂಬುದನ್ನು ನಾವು ಕೇಳುತ್ತಿರಲಿಲ್ಲ. ಕೇಳುವಂತೆ ಮಾಡಿದ್ದು ಒಂದು ಗ್ರಾಮಸಭೆ.

ನಮ್ಮ ಗುಂಪಿನ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಆ ಸಭೆಗೆ ಒಂದು ಮನವಿ ತಂದಿದ್ದಳು. ಊರಿನ ಗ್ರಂಥಾಲಯ ಸಂಜೆಯೂ ತೆರೆದಿರಬೇಕು, ಹಗಲು ಹೊಲಕ್ಕೋ ಕಾಲೇಜಿಗೋ ಹೋಗುವವರಿಗೆ ಅದರ ಬೀಗವಷ್ಟೇ ಕಾಣುತ್ತದೆ ಎಂಬುದು ಅವಳ ಅಹವಾಲು. ಸಭೆ ಶುರುವಾಗುವ ಮೊದಲೇ ನಡಾವಳಿ ಪುಸ್ತಕ ಕೈಯಿಂದ ಕೈಗೆ ದಾಟುತ್ತಿತ್ತು. ಪುಟದ ಕೆಳಗಡೆ ಸಹಿಗಳು, ನೀಲಿ ಶಾಯಿಯ ಹೆಬ್ಬೆಟ್ಟಿನ ಗುರುತುಗಳು. ಮೇಲೆ, ಠರಾವು ಬರೆಯಬೇಕಾದ ಜಾಗ, ಪೂರ್ತಿ ಖಾಲಿ. ಪುಸ್ತಕ ತನ್ನ ಬಳಿಗೆ ಬಂದಾಗ ಅವಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆಯದೆ, ‘ಸರ್, ಮೊದಲ ಠರಾವು ಬರೀರಿ. ಓದಿ ಹೇಳ್ರಿ. ಆಮೇಲೆ ಸಹಿ ಮಾಡ್ತೇನ್ರಿ’ ಎಂದಳು. ಸಭೆ ಒಂದು ಕ್ಷಣ ಸುಮ್ಮನಾಯಿತು. ಹಿಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ‘ಹುಡುಗಿ ಹೇಳೂದು ಖರೇ ಐತಿ’ ಎಂದ ಮೇಲೆ ಇನ್ನೂ ನಾಲ್ಕೈದು ಜನ ದನಿಗೂಡಿಸಿದರು. ಅಂದಿನ ಠರಾವುಗಳನ್ನು ಅಲ್ಲಿಯೇ ಬರೆದು ಗಟ್ಟಿಯಾಗಿ ಓದಲಾಯಿತು. ಗ್ರಂಥಾಲಯ ಸಂಜೆ ತೆರೆದದ್ದು ಎಷ್ಟೋ ತಿಂಗಳ ನಂತರ, ಮತ್ತೆರಡು ನೆನಪೋಲೆ ಕೊಟ್ಟ ಮೇಲೆ, ಆದರೆ ತೆರೆಯಿತು.

ನಾವು ಹಿಗ್ಗಿದೆವು. ಮುಂದಿನ ವಾರ ಅವಳು ನಮ್ಮ ಕಚೇರಿಗೆ ಬಂದು, ಸಂಸ್ಥೆಯ ಕಾರ್ಯಕಾರಿ ಸಮಿತಿಯ ನಡಾವಳಿ ಪುಸ್ತಕ ಹೇಗಿರುತ್ತದೆ, ನೋಡಬಹುದೇ ಎಂದು ಕೇಳಿದಳು. ತೆಗೆದು ಕೊಟ್ಟೆ. ಅವಳು ಪುಟ ತಿರುವುತ್ತ ಒಂದು ವರ್ಷದ ನಾಲ್ಕು ಸಭೆಗಳ ಮೇಲೆ ಬೆರಳಾಡಿಸಿದಳು. ನಾಲ್ಕೂ ಒಂದೇ ಪೆನ್ನಿನಲ್ಲಿ, ಒಂದೇ ಕೈಯಲ್ಲಿ, ಒಂದೇ ಓಘದಲ್ಲಿ ಬರೆದವು. ಲೆಕ್ಕಪರಿಶೋಧಕರು ಬರುವ ಹಿಂದಿನ ವಾರ ಕುಳಿತು ಅವನ್ನು ಬರೆದವನು ನಾನು. ಆಮೇಲೆ ಸದಸ್ಯರ ಮನೆಮನೆಗೆ ಪುಸ್ತಕ ಕಳುಹಿಸಿ ಸಹಿ ಮಾಡಿಸಿಕೊಂಡಿದ್ದೆ. ‘ಇದೂ ಅದೇ ಆತಲ್ರಿ, ಸರ್?’ ಎಂದಳು. ಅವಳ ದನಿಯಲ್ಲಿ ಆಕ್ಷೇಪಣೆಗಿಂತ ಆಶ್ಚರ್ಯವೇ ಹೆಚ್ಚಿತ್ತು. ಉತ್ತರ ಕೊಡಲು ನನ್ನಿಂದಾಗಲಿಲ್ಲ. ನಮ್ಮ ಸಂಸ್ಥೆ ನಿಜವಾಗಿ ಆರಂಭವಾದದ್ದು ಆ ದಿನ ಎಂದು ನಾನು ಇಂದಿಗೂ ನಂಬಿದ್ದೇನೆ.

ಆ ಪ್ರಶ್ನೆಯ ಬೆಳಕಿನಲ್ಲಿ ನಾವು ಮೊದಲು ನೋಡಿಕೊಂಡದ್ದು ನಮ್ಮ ಬೈಲಾವನ್ನು, ಅಂದರೆ ಸಂಸ್ಥೆಯ ಒಳನಿಯಮಗಳನ್ನು. ಇಲ್ಲಿ ಹೊಸದಾಗಿ ಸಂಸ್ಥೆ ಆರಂಭಿಸುವವರು ಟ್ರಸ್ಟ್ ಮಾಡುವುದೋ, ಸಂಘ ಮಾಡುವುದೋ, ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನಡಿ ಲಾಭರಹಿತ ಕಂಪನಿ ಮಾಡುವುದೋ ಎಂದು ಕೇಳುತ್ತೀರಿ. ಟ್ರಸ್ಟ್ ಸುಲಭ, ಇಬ್ಬರು ಮೂವರು ಆಪ್ತರು ಸೇರಿದರೆ ಸಾಕು. ಆದರೆ ಸಾಮಾನ್ಯವಾಗಿ ಅದರಲ್ಲಿ ಟ್ರಸ್ಟಿಗಳನ್ನು ಪ್ರಶ್ನಿಸಿ ಬದಲಾಯಿಸುವ ಸದಸ್ಯರ ಸಭೆ ಇರುವುದಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದು ತಲೆನೋವು ಎಂದು ಅನೇಕರು ದೂರುತ್ತಾರೆ. ನಾಯಕತ್ವದ ಸಂಸ್ಥೆಗೆ ಈ ತಲೆನೋವೇ ಪಠ್ಯಕ್ರಮ ಎಂಬುದು ನನ್ನ ಅಭಿಪ್ರಾಯ. ಸೂಚನಾಪತ್ರ ಬರೆಯುವುದು, ಸಭೆಗೆ ಬೇಕಾದ ಕನಿಷ್ಠ ಹಾಜರಾತಿಯ ಕೋರಂ ಎಣಿಸುವುದು, ಸೋತ ಪ್ರಸ್ತಾವವನ್ನೂ ನಡಾವಳಿಯಲ್ಲಿ ದಾಖಲಿಸುವುದು, ಇವನ್ನು ಕಲಿತ ಇಪ್ಪತ್ತು ವರ್ಷದವರು ಮುಂದೆ ಹಾಲಿನ ಸೊಸೈಟಿಯಲ್ಲಿ, ಶಾಲಾಭಿವೃದ್ಧಿ ಸಮಿತಿಯಲ್ಲಿ, ಪಂಚಾಯಿತಿಯಲ್ಲಿ ಕುಳಿತಾಗ ಅವರ ಕಣ್ಣಿಗೆ ಮಣ್ಣೆರಚುವುದು ಕಷ್ಟ. ನಮ್ಮ ದೇಶದಲ್ಲಿ 1989ರಿಂದ ಹದಿನೆಂಟಕ್ಕೆ ಮತದಾನದ ಹಕ್ಕಿದೆ, ಇಪ್ಪತ್ತೊಂದಕ್ಕೆ ಪಂಚಾಯಿತಿ ಚುನಾವಣೆಗೆ ನಿಲ್ಲಬಹುದು. ಹಾಗಿದ್ದೂ ಯುವಕರ ಹೆಸರಿನ ಎಷ್ಟೋ ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ಮೂವತ್ತರ ಕೆಳಗಿನ ಒಬ್ಬರೂ ಇರುವುದಿಲ್ಲ. ನಾವು ಬೈಲಾ ತಿದ್ದಿ, ಸಮಿತಿಯ ಅರ್ಧದಷ್ಟು ಸ್ಥಾನ ಮೂವತ್ತರೊಳಗಿನವರಿಗೆ ಎಂದೂ, ಒಂದು ಹುದ್ದೆಯಲ್ಲಿ ಯಾರೂ ಎರಡು ಅವಧಿಗಿಂತ ಹೆಚ್ಚು ಇರಕೂಡದೆಂದೂ ಬರೆದೆವು.

ಹಣದ ವಿಷಯ ಇನ್ನೂ ಕಠಿಣ. ಪ್ರತಿ ಊರಿನ ಗುಂಪಿಗೆ ವರ್ಷಕ್ಕೆ ಐದು ಸಾವಿರ ರೂಪಾಯಿ ಕೊಟ್ಟು, ಏನು ಮಾಡಬೇಕೆಂಬುದನ್ನು ಅವರಿಗೇ ಬಿಟ್ಟೆವು. ಷರತ್ತು ಒಂದೇ: ವೋಚರುಗಳ ಸಮೇತ ಲೆಕ್ಕವನ್ನು ಊರಿನವರ ಎದುರು ಓದಬೇಕು. ಒಂದು ಊರಿನ ಹುಡುಗರು ಪೂರ್ತಿ ಹಣದಲ್ಲಿ ಕ್ರಿಕೆಟ್ ಸಾಮಾನು ಕೊಂಡರು. ನಾನು ಕೆರಳಿ ಹಣ ವಾಪಸು ಕೇಳಬೇಕೆಂದಿದ್ದೆ. ಸಮಿತಿಯ ಕಿರಿಯರು ತಡೆದರು. ಲೆಕ್ಕ ಓದುವ ದಿನ ಆ ಗುಂಪಿನ ಹುಡುಗಿಯರೇ ಎದ್ದು ನಿಂತು, ಈ ಬ್ಯಾಟು ನಮ್ಮದೂ ಹೌದೋ ಅಲ್ಲವೋ ಎಂದು ಕೇಳಿದರು. ಮರುವರ್ಷದ ಹಣವನ್ನು ಹೇಗೆ ಹಂಚಬೇಕೆಂಬ ಚರ್ಚೆ ಆ ಊರಿನಲ್ಲಿ ರಾತ್ರಿ ಹನ್ನೊಂದರವರೆಗೆ ನಡೆಯಿತು. ನಾನು ಹಣ ವಾಪಸು ಪಡೆದಿದ್ದರೆ ಆ ಚರ್ಚೆಯೇ ಇರುತ್ತಿರಲಿಲ್ಲ.

ಸಭೆ ಎಲ್ಲಿ ಸೇರುತ್ತದೆ ಎಂಬುದೂ ಅಧಿಕಾರದ ಪ್ರಶ್ನೆಯೇ. ಗುಡಿಯ ಕಟ್ಟೆಯ ಮೇಲೆ ಸೇರಿದರೆ ಕೆಲವು ಕೇರಿಯ ಹುಡುಗರು ದೂರದಲ್ಲಿಯೇ ನಿಲ್ಲುತ್ತಾರೆ. ಕತ್ತಲಾದ ಮೇಲೆ ಸೇರಿದರೆ ಹುಡುಗಿಯರು ಬರುವುದಿಲ್ಲ. ಶಾಲೆಯ ಅಂಗಳ, ಸಂಜೆ ಐದು ಗಂಟೆ: ಇಷ್ಟನ್ನು ಗೊತ್ತುಮಾಡಲು ನಮಗೆ ಎರಡು ವರ್ಷ ಬೇಕಾಯಿತು.

ಇನ್ನು ಹೊರಗಿನಿಂದ ಬರುವ ಹಣದ ಬಗ್ಗೆ. ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರಲ್ಲಿ ಜಾರಿಗೆ ಬಂದ ಮೇಲೆ ದೊಡ್ಡ ಕಂಪನಿಗಳು ತಮ್ಮ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ವಿನಿಯೋಗಿಸಬೇಕಾಗಿದೆ. ಆದರೆ ಯಾವ ಕೆಲಸಕ್ಕೆ ಎಂದು ಹೇಳುವ ಆ ಕಾಯ್ದೆಯ 7ನೇ ಅನುಸೂಚಿಯಲ್ಲಿ ಶಿಕ್ಷಣವಿದೆ, ವೃತ್ತಿಕೌಶಲವಿದೆ, ಕ್ರೀಡೆಯಿದೆ. ನಾಯಕತ್ವ ಎಂಬ ಮಾತಿಲ್ಲ. ಆದ್ದರಿಂದ ನಮ್ಮಂಥವರು ಅರ್ಜಿಯಲ್ಲಿ ನಾಯಕತ್ವವನ್ನು ಕೌಶಲ ತರಬೇತಿ ಎಂದು ಬರೆಯುತ್ತೇವೆ. ಎರಡು ವರ್ಷ ಕಳೆಯುವಷ್ಟರಲ್ಲಿ ನಿಜಕ್ಕೂ ಕಂಪ್ಯೂಟರ್ ತರಗತಿ ನಡೆಸುತ್ತಿರುತ್ತೇವೆ. ಅದು ಕೆಟ್ಟ ಕೆಲಸವೇನಲ್ಲ, ಆದರೆ ನಾವು ಹೊರಟದ್ದು ಅದಕ್ಕಲ್ಲ. ವಿದೇಶಿ ದೇಣಿಗೆಯ ದಾರಿ, ಅದನ್ನು ನಿಯಂತ್ರಿಸುವ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಕಿರಿದಾಗಿದೆ: ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿದಿದೆ, ಪಡೆದ ಹಣವನ್ನು ಮತ್ತೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ನಾಯಕತ್ವದ ಕೆಲಸದಲ್ಲಿ ಕಟ್ಟಡವಿಲ್ಲ, ಹಂಚುವ ಸಾಮಗ್ರಿಯಿಲ್ಲ. ಇರುವುದು ಊರೂರು ಸುತ್ತುವ ಕಾರ್ಯಕರ್ತರ ಸಂಬಳ ಮತ್ತು ಬಸ್ ಚಾರ್ಜು. ಇಂಥ ಖರ್ಚನ್ನು ಕಂಡರೆ ಎಲ್ಲ ದಾನಿಗಳಿಗೂ ಮುಜುಗರ.

ಈ ಒತ್ತಡಕ್ಕೆ ನಾವೂ ಒಮ್ಮೆ ಮಣಿದೆವು. ದಾನಿಯೊಬ್ಬರ ಮೂರು ವರ್ಷದ ನೆರವಿನಿಂದ ಒಂದು ತಾಲ್ಲೂಕಿನಿಂದ ನಾಲ್ಕಕ್ಕೆ ಒಂದೇ ವರ್ಷದಲ್ಲಿ ಹರಡಿಕೊಂಡೆವು. ವರದಿಯಲ್ಲಿ ತರಬೇತಿ ಪಡೆದವರ ಸಂಖ್ಯೆ ಏರುತ್ತಲೇ ಹೋಯಿತು. ನೆರವು ನಿಂತ ಬೇಸಗೆಯಲ್ಲಿ ಮೂರು ತಾಲ್ಲೂಕುಗಳ ಗುಂಪುಗಳೂ ಕರಗಿದವು, ಏಕೆಂದರೆ ಅಲ್ಲಿ ಎಲ್ಲವನ್ನೂ ನಮ್ಮ ಕಾರ್ಯಕರ್ತರೇ ಮಾಡಿದ್ದರು. ಹಳೆಯ ತಾಲ್ಲೂಕಿನಲ್ಲಿ ಮಾತ್ರ ಗುಂಪುಗಳು ತಮ್ಮ ಲೆಕ್ಕದ ಪುಸ್ತಕ ಇಟ್ಟುಕೊಂಡು ಉಳಿದವು. ಅಂದಿನಿಂದ ನಾವು ಸದಸ್ಯರ ಚಂದಾ, ಊರಿನ ದೇಣಿಗೆ, ಸುಗ್ಗಿಯಲ್ಲಿ ಬರುವ ಕಾಳುಕಡಿ ಇವನ್ನು ಮೊದಲು ಎಣಿಸುತ್ತೇವೆ. ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ತನ್ನ ಆದಾಯದ ಶೇ 85ರಷ್ಟನ್ನು ಉದ್ದೇಶಿತ ಕೆಲಸಕ್ಕೆ ವಿನಿಯೋಗಿಸಬೇಕು, ಶೇ 15ರವರೆಗೆ ಉಳಿಸಿಕೊಳ್ಳಬಹುದು. ಆ ಉಳಿತಾಯವನ್ನು ಮುಟ್ಟದೆ ಕಾಪಾಡಿ. ನೆರವು ನಿಂತ ವರ್ಷ ಕಾರ್ಯಕರ್ತರ ಮನೆಯ ಒಲೆ ಉರಿಯುವುದು ಅದರಿಂದಲೇ.

ಸಂಖ್ಯೆಯ ಲೆಕ್ಕ ಇನ್ನೊಂದು ಅನ್ಯಾಯವನ್ನೂ ಮಾಡುತ್ತದೆ. ಹುಡುಗಿಯರಿಗೆ ಮದುವೆಯಾಗಿ ಊರು ಬಿಟ್ಟ ಕೂಡಲೇ ನಮ್ಮ ದಾಖಲೆಯಲ್ಲಿ ಅವರ ಹೆಸರಿನ ಮುಂದೆ ‘ಬಿಟ್ಟವರು’ ಎಂದು ಬರೆಯುತ್ತಿದ್ದೆವು. ಗ್ರಾಮಸಭೆಯಲ್ಲಿ ಸಹಿ ತಡೆಹಿಡಿದ ಆ ಹುಡುಗಿಯ ಹೆಸರಿನ ಮುಂದೆಯೂ ಹಾಗೆಯೇ ಬರೆದಿತ್ತು. ಕರ್ನಾಟಕದ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಅರ್ಧದಷ್ಟು ಸ್ಥಾನ ಮೀಸಲಾಗಿದೆ. ಗಂಡನ ಊರಿನಲ್ಲಿ ಅವಳು ಅಂಥದೊಂದು ಸ್ಥಾನಕ್ಕೆ ಆಯ್ಕೆಯಾಗಿದ್ದಾಳೆಂದು ನಮಗೆ ತಿಳಿದದ್ದು, ಬೈಲಾದ ಒಂದು ಪ್ರತಿ ಕಳುಹಿಸಿರೆಂದು ಅವಳು ಫೋನ್ ಮಾಡಿದಾಗ. ತನ್ನೂರಿನಲ್ಲಿ ಯುವತಿ ಮಂಡಳಿ ಕಟ್ಟುವುದಿತ್ತು. ಈಗ ನಮ್ಮ ದಾಖಲೆಯಲ್ಲಿ ‘ಬಿಟ್ಟವರು’ ಎಂಬ ಕಾಲಂ ಇಲ್ಲ. ‘ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ’ ಎಂಬ ಕಾಲಂ ಇದೆ, ಅದನ್ನು ತುಂಬಲು ವರ್ಷಕ್ಕೊಮ್ಮೆ ಒಬ್ಬರು ಹದಿನೈದು ದಿನ ಫೋನು ಹಿಡಿದು ಕೂರುತ್ತಾರೆ.

ಕೊನೆಯದಾಗಿ, ಸ್ಥಾಪಕರ ಮಾತು. ಎರಡು ಅವಧಿಯ ನಿಯಮ ಬರೆದವನು ನಾನೇ ಆದರೂ, ನನ್ನ ಎರಡನೆಯ ಅವಧಿ ಮುಗಿದಾಗ ಚೆಕ್ ಪುಸ್ತಕದ ಸಹಿ ಬದಲಾಯಿಸಲು ಬ್ಯಾಂಕಿಗೆ ಹೋಗುವ ಕೆಲಸವನ್ನು ಎರಡು ತಿಂಗಳು ಮುಂದೂಡಿದೆ. ಮನಸ್ಸು ನೂರು ಕಾರಣ ಹೇಳುತ್ತದೆ: ಇವರಿನ್ನೂ ಚಿಕ್ಕವರು, ಅಧಿಕಾರಿಗಳಿಗೆ ನನ್ನ ಮುಖ ಪರಿಚಯ, ದಾನಿಗಳು ಏನೆಂದುಕೊಂಡಾರು. ಖಜಾಂಚಿಯಾಗಿದ್ದ ಇಪ್ಪತ್ತಾರು ವರ್ಷದ ಯುವಕ ಒಂದು ಸೋಮವಾರ ಬೈಕು ತಂದು ಬಾಗಿಲಲ್ಲಿ ನಿಲ್ಲಿಸಿ, ‘ಬರ್ರಿ ಸರ್, ಇವತ್ತ ಆ ಕೆಲಸ ಮುಗಿಸಿ ಬರೋಣು’ ಎಂದ. ಹೋದೆ.

ಈಗ ನಾನು ಒಬ್ಬ ಸಾಮಾನ್ಯ ಸದಸ್ಯ. ಮುಂದಿನ ತಿಂಗಳ ಸರ್ವಸದಸ್ಯರ ಸಭೆಯ ಸೂಚನಾಪತ್ರ ಮೊನ್ನೆ ಅಂಚೆಯಲ್ಲಿ ಬಂತು. ಪಕ್ಕದ ತಾಲ್ಲೂಕಿಗೆ ಮತ್ತೆ ಹೋಗಬೇಕೆಂಬ ನನ್ನ ಪ್ರಸ್ತಾವವನ್ನು ಐದನೆಯ ವಿಷಯವಾಗಿ ಇಟ್ಟಿದ್ದಾರೆ. ಅಲ್ಲಿನ ಎಷ್ಟು ಗುಂಪುಗಳು ತಮ್ಮ ಲೆಕ್ಕ ತಾವೇ ಬರೆಯಲು ಸಿದ್ಧವಿವೆ ಎಂಬುದನ್ನು ಲಿಖಿತವಾಗಿ ತನ್ನಿರೆಂದು ಅದರ ಕೆಳಗೆ ಟಿಪ್ಪಣಿಯಿದೆ. ಅದನ್ನು ತಿಳಿದುಕೊಳ್ಳಲು ಬರುವ ವಾರ ಆ ಊರುಗಳಿಗೆ ಹೊರಟಿದ್ದೇನೆ.